ಅಪ್ಪು ಹೋದ ದಿನ ನಾನು ಅತ್ತಿದ್ದು ಯಾರಿಗಾಗಿ?

2021ರ ಅಕ್ಟೋಬರ್ 29, ಶುಕ್ರವಾರ. ವರ್ಕ್ ಫ್ರಂ ಹೋಮ್ ದಿನಗಳು. ಬಂಗಾರಪೇಟೆಯ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಸ್ಟ್ಯಾಂಡ್ ಪಕ್ಕದಲ್ಲೇ ನನ್ನ ಆಫೀಸು. ಸಂಜೆಗೆ ಒಂದು ರಿಲೀಸ್ ಇತ್ತು, ಕಾಲ್‌ನಲ್ಲಿದ್ದೆ. ಕಾಲೇಜು ಗೆಳೆಯರ ಗ್ರೂಪ್‌ನಲ್ಲಿ ಒಂದು ಮೆಸೇಜ್ ಬಂತು: ‘ಅಪ್ಪು ಆಸ್ಪತ್ರೆಗಂತೆ, ನಿಜಾನಾ?’ ಫೇಕ್ ಇರಬೇಕು ಅಂದುಕೊಂಡೆ. ಅವತ್ತು ಬೆಳಿಗ್ಗೆ ತಾನೇ ಅಣ್ಣನ ‘ಭಜರಂಗಿ 2’ಗೆ ಶುಭ ಕೋರಿ ಟ್ವೀಟ್ ಮಾಡಿದ್ದ ಮನುಷ್ಯ. ವಯಸ್ಸು 46. ದಿನಾ ವರ್ಕೌಟ್ ಮಾಡೋರು.

ಮಧ್ಯಾಹ್ನದ ಹೊತ್ತಿಗೆ ಟಿವಿಯಲ್ಲಿ ಸುದ್ದಿ ಖಚಿತವಾಯ್ತು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತಳು. ಹೊರಗೆ ಹೋಗಿದ್ದ ಅಪ್ಪ ಚಪ್ಪಲಿ ಬಿಡೋದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಕ್ಯಾಮೆರಾ ಆಫ್ ಮಾಡಿ, ಮೈಕ್ ಮ್ಯೂಟ್ ಮಾಡಿ, ಬಚ್ಚಲುಮನೆಗೆ ಹೋಗಿ ಅತ್ತೆ. ಸ್ವಲ್ಪ ಅಲ್ಲ, ಸುಮಾರು ಹೊತ್ತು.

ವಾಪಸ್ ಬಂದಾಗ ಪುಣೆಯಲ್ಲಿದ್ದ ಟೀಮ್‌ಮೇಟ್ ಒಬ್ಬ ಚಾಟ್‌ನಲ್ಲಿ ಕೇಳಿದ್ದ: ‘ಅವರು ನಿನಗೆ ಪರಿಚಯಾನಾ? ಯಾವತ್ತಾದ್ರೂ ಭೇಟಿ ಆಗಿದ್ಯಾ?’ ಇಲ್ಲ ಅಂತ ಟೈಪ್ ಮಾಡಿದೆ. ಅಳಿಸಿದೆ. ಹೌದು ಅನ್ನೋಕೂ ಆಗಲಿಲ್ಲ. ಕೊನೆಗೆ ಒಂದು ಕೈಮುಗಿಯುವ ಇಮೋಜಿ ಕಳಿಸಿ ಸುಮ್ಮನಾದೆ.

ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಎರಡು ವರ್ಷ ಮುಂಚೆ ನಮ್ಮ ಸ್ವಂತ ದೊಡ್ಡಪ್ಪ ತೀರಿಕೊಂಡಾಗ ನಾನು ಇಷ್ಟು ಅತ್ತಿರಲಿಲ್ಲ. ಹಾಗಾದ್ರೆ ಒಂದು ಸಲವೂ ಎದುರಿಗೆ ನೋಡದ ಒಬ್ಬ ನಟನಿಗೋಸ್ಕರ ಯಾಕೆ? ಈ ಪ್ರಶ್ನೆ ಅವತ್ತಿಂದ ನನ್ನ ತಲೆಯಲ್ಲಿ ಓಪನ್ ಟಿಕೆಟ್ ಥರ ಕೂತಿತ್ತು. ಈ ಸಲದ ಅಂಕಣದಲ್ಲಿ ಅದನ್ನ ಕ್ಲೋಸ್ ಮಾಡೋ ಪ್ರಯತ್ನ.

ಪುಸ್ತಕದ ಉತ್ತರ ಮೊದಲು ಹೇಳಿಬಿಡ್ತೀನಿ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಅನ್ನೋ ಇಬ್ಬರು ಸಂಶೋಧಕರು ಇದಕ್ಕೊಂದು ಹೆಸರಿಟ್ಟರು: ‘ಪ್ಯಾರಾಸೋಷಿಯಲ್’ ಸಂಬಂಧ. ರೇಡಿಯೋ, ಟಿವಿ, ಸಿನಿಮಾದಲ್ಲಿ ಮತ್ತೆ ಮತ್ತೆ ನೋಡಿದ, ಕೇಳಿದ ವ್ಯಕ್ತಿಯನ್ನ ನಾವು ಬಲ್ಲೆವು ಅನ್ನಿಸತ್ತೆ. ಅವರಿಗೆ ನಾವು ಯಾರು ಅಂತಲೂ ಗೊತ್ತಿರಲ್ಲ. ಒನ್ ವೇ ಟ್ರಾಫಿಕ್. ಆದರೆ ಅವರು ಸತ್ತಾಗ ಆಗೋ ನೋವು ಮಾತ್ರ ನಿಜವಾದದ್ದೇ.

ಇದನ್ನ ನಮ್ಮಮ್ಮನಿಗೆ ಹೇಳಿದೆ. ‘ಸಾಕು ಸುಮ್ನಿರಪ್ಪ, ಗೊತ್ತಿಲ್ದೆ ಏನು, ಆ ಮಗೂನ ನಾವು ಎತ್ತಿ ಆಡಿಸಿದಂಗೆ’ ಅಂದಳು.

ಅವಳು ಹೇಳಿದ್ದು ಪೂರ್ತಿ ಉತ್ಪ್ರೇಕ್ಷೆ ಏನಲ್ಲ. ಪುನೀತ್ ಹುಟ್ಟಿದ್ದು 1975ರ ಮಾರ್ಚ್ 17ಕ್ಕೆ. ಕೈಗೂಸಾಗಿದ್ದಾಗಲೇ ‘ಪ್ರೇಮದ ಕಾಣಿಕೆ’ಯಲ್ಲಿ ತೆರೆಯ ಮೇಲೆ ಬಂದವರು. ಆಮೇಲೆ ‘ಭಾಗ್ಯವಂತ’, ‘ಚಲಿಸುವ ಮೋಡಗಳು’, ‘ಎರಡು ನಕ್ಷತ್ರಗಳು’. 1985ರ ‘ಬೆಟ್ಟದ ಹೂವು’ ನೋಡಿದಾಗ ಅಮ್ಮನಿಗೆ ಹದಿನೇಳು. ‘ಶ್ರೀ ರಾಮಾಯಣ ದರ್ಶನಂ’ ಪುಸ್ತಕ ಕೊಳ್ಳಬೇಕು ಅಂತ ಚಿಲ್ಲರೆ ಚಿಲ್ಲರೆ ಕೂಡಿಡುವ ಆ ಬಡ ಹುಡುಗನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಮ್ಮನ ಲೆಕ್ಕದಲ್ಲಿ ಅಪ್ಪು ಅವಳ ತಮ್ಮನ ಓರಗೆ. ನನ್ನ ಲೆಕ್ಕದಲ್ಲಿ ಹೀರೊ. ಈಗ ಐದನೇ ಕ್ಲಾಸು ಓದ್ತಿರೋ ನನ್ನ ಅಕ್ಕನ ಮಗಳ ಲೆಕ್ಕದಲ್ಲಿ ಆಟೋ ಹಿಂದೆ ನಗ್ತಾ ಇರೋ ಅಂಕಲ್. ಒಬ್ಬನೇ ಮನುಷ್ಯ, ಒಂದೇ ಮನೆಯ ಮೂವರಿಗೆ ಮೂರು ವಯಸ್ಸಿನ ನೆಂಟ. ಸಿನಿಮಾದಲ್ಲಿ ಹುಟ್ಟಿ ನಮ್ಮ ಕಣ್ಣೆದುರೇ ಬೆಳೆದ ಮಗು ನಮಗಿಂತ ಮುಂಚೆ ಹೋಗಬಾರದಿತ್ತು ಅನ್ನೋ ಸಂಕಟ ಅದು.

ಆದರೆ ಇದು ಅಮ್ಮನ ಉತ್ತರ. ನನ್ನದು ಬೇರೆ ಇತ್ತು. ಅದನ್ನ ಹೇಳಬೇಕಾದ್ರೆ ನಮ್ಮ ಊರಿನ ಬಗ್ಗೆ ಹೇಳಬೇಕು.

ನನ್ನ ಊರು ಕೆಜಿಎಫ್ ಅಂದ ತಕ್ಷಣ ಆಫೀಸಲ್ಲಿ ಎಲ್ಲರೂ ಕೇಳೋದು ‘ರಾಕಿ ಭಾಯ್ ಊರಾ?’ ಅಂತ. 2018ರ ಡಿಸೆಂಬರ್‌ನಲ್ಲಿ ಆ ಸಿನಿಮಾ ಬರೋ ಮುಂಚೆ ಕೇಳ್ತಿದ್ದದ್ದು ‘ಅದೆಲ್ಲಿದೆ?’ ಅಂತ. ಎರಡಕ್ಕೂ ನಗಬೇಕು, ಬೇರೆ ದಾರಿ ಇಲ್ಲ. ಸಿನಿಮಾದ ಕೆಜಿಎಫ್ ಕಥೆ. ನಿಜವಾದ ಕೆಜಿಎಫ್‌ನಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿತು. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು, ಬೆಂಗಳೂರಿಗಿಂತ ಮೊದಲೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಇಷ್ಟೆಲ್ಲ ಇದ್ದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು.

ಅಪ್ಪ ಅಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್. ಅಂದ್ರೆ ಕೆಲಸದವರನ್ನ ಕೇಜ್‌ನಲ್ಲಿ ಕೆಳಗೆ ಇಳಿಸಿ, ಶಿಫ್ಟ್ ಮುಗಿದ ಮೇಲೆ ಮೇಲಕ್ಕೆ ತರೋ ಯಂತ್ರ ಓಡಿಸೋರು. ಕೆಳಗೆ ಹೋದವರು ಕಣ್ಣಿಗೆ ಕಾಣಲ್ಲ. ಗಂಟೆಯ ಸಿಗ್ನಲ್ ಕೇಳಬೇಕು, ಆಳ ತೋರಿಸೋ ಮುಳ್ಳಿನ ಮೇಲೆ ಕಣ್ಣಿಟ್ಟಿರಬೇಕು. ಚೂರು ಹೆಚ್ಚುಕಮ್ಮಿ ಆದ್ರೂ ಒಂದು ಕೇಜಿನಷ್ಟು ಮನೆಗಳು ಅನಾಥ.

ಗಣಿ ಮುಚ್ಚಿದಾಗ ನನಗೆ ಏಳು ವರ್ಷವೂ ತುಂಬಿರಲಿಲ್ಲ. ನನಗೆ ನೆನಪಿರೋದು ಒಂದೇ: ಶಿಫ್ಟಿನ ಸೈರನ್ ನಿಂತಿದ್ದು. ಪಕ್ಕದ ಮನೆಯ ತಮಿಳಿನವರು ಅದನ್ನ ‘ಸಂಗು’ ಅಂತಿದ್ರು. ಅಮ್ಮಂದಿರು ಅನ್ನಕ್ಕಿಡ್ತಿದ್ದದ್ದು, ನಾವು ಆಟ ನಿಲ್ಲಿಸ್ತಿದ್ದದ್ದು ಅದನ್ನ ಕೇಳಿಕೊಂಡು. ಅದು ನಿಂತ ಮೇಲೆ ಲೈನ್ ಮನೆ ಬಿಟ್ಟು ಬಂಗಾರಪೇಟೆಗೆ ಬಂದ್ವಿ. ಅಪ್ಪ ಬೆಳಗಿನ ಟ್ರೇನ್ ಹಿಡಿದು ಬೆಂಗಳೂರಿಗೆ ಹೋಗೋಕೆ ಶುರು ಮಾಡಿದರು. ಒಂದು ಆಫೀಸ್ ಬಿಲ್ಡಿಂಗಲ್ಲಿ ಲಿಫ್ಟ್ ಆಪರೇಟರ್ ಕೆಲಸ. ಒಂಬತ್ತು ಮಹಡಿ. ಮನೆಯಲ್ಲಿ ಆ ವರ್ಷ ಅಪ್ಪ ಮಾತಾಡಿದ ನೆನಪೇ ಇಲ್ಲ ನನಗೆ. ನಕ್ಕ ನೆನಪಂತೂ ಇಲ್ಲವೇ ಇಲ್ಲ.

2002ರ ಏಪ್ರಿಲ್ 26ಕ್ಕೆ ‘ಅಪ್ಪು’ ಬಿಡುಗಡೆ ಆಯ್ತು. ನಮ್ಮ ಕಡೆ ಬಂದಾಗ ಒಂದು ಭಾನುವಾರ ಅಪ್ಪ ಇದ್ದಕ್ಕಿದ್ದಂತೆ ‘ಏಳೋ, ಸಿನಿಮಾಗೆ ಹೋಗಣ’ ಅಂದರು. ಬರೀ ನಾವಿಬ್ಬರೇ. ಟಾಕೀಸಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಅಪ್ಪನ ತೊಡೆ ಮೇಲೆ ಕೂತು ನೋಡಿದ್ದು. ಹೀರೊ ಪಲ್ಟಿ ಹೊಡೆದಾಗ, ತಂಟೆ ಮಾಡಿದಾಗ ಜನ ಶಿಳ್ಳೆ ಹೊಡೀತಿದ್ರು. ನನಗೆ ಬೆನ್ನ ಹಿಂದೆ ಏನೋ ಅಲುಗಾಡಿದಂಗಾಯ್ತು. ತಿರುಗಿ ನೋಡಿದ್ರೆ ಅಪ್ಪ ನಗ್ತಿದ್ದಾರೆ. ಹೊಟ್ಟೆ ಕುಣಿಯೋ ಹಾಗೆ. ಸಿನಿಮಾ ಬಿಟ್ಟಮೇಲೆ ಪಾನಿಪೂರಿ ಕೊಡಿಸಿದರು. ನಮ್ಮ ಬಂಗಾರಪೇಟೆ ಪಾನಿ ನಿಮಗೆ ಗೊತ್ತಿರಬೇಕಲ್ಲ, ನೀರಿನಷ್ಟೇ ತಿಳಿ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು.

ಹತ್ತೊಂಬತ್ತು ವರ್ಷದ ಮೇಲೆ ಬಚ್ಚಲಲ್ಲಿ ನಿಂತು ಅತ್ತೆನಲ್ಲ, ಅವತ್ತು ನನ್ನ ಕಣ್ಣ ಮುಂದೆ ಇದ್ದದ್ದು ಈ ಭಾನುವಾರ. ಪುನೀತ್ ಅವರನ್ನ ನಾನು ಬಲ್ಲೆ ಅಂತ ಹೇಳೋಕಾಗಲ್ಲ. ಆದರೆ ಅಪ್ಪನ ಆ ನಗುವನ್ನ ನಾನು ಅವರ ಹತ್ತಿರ ಇಟ್ಟಿದ್ದೆ. ಇಪ್ಪತ್ತು ವರ್ಷ ಅದು ಅಲ್ಲೇ ಭದ್ರವಾಗಿತ್ತು. ಟಿವಿಯಲ್ಲಿ ‘ಅಪ್ಪು’ ಬಂದಾಗೆಲ್ಲ ಒಂದು ಸಲ ತೆಗೆದು ನೋಡಿ ವಾಪಸ್ ಇಡ್ತಿದ್ದೆ. ಇಟ್ಟುಕೊಂಡಿದ್ದ ಮನುಷ್ಯನೇ ಇಲ್ಲ ಅಂದಾಗ ಗಾಬರಿಯಾಯ್ತು.

ಮನೋವಿಜ್ಞಾನದವರು ಹೇಳೋ ಪ್ರಕಾರ ಮನುಷ್ಯನಿಗೆ ಜೀವನದ ಬೇರೆಲ್ಲ ಕಾಲಕ್ಕಿಂತ ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪು ಹೆಚ್ಚು ಗಟ್ಟಿ. ಆ ವಯಸ್ಸಲ್ಲಿ ಕೇಳಿದ ಹಾಡು, ನೋಡಿದ ಹೀರೊ, ಬೆಂಬಲಿಸಿದ ಆಟಗಾರ ಕೊನೆವರೆಗೂ ಜೊತೆಗಿರ್ತಾರೆ. ಇನ್ನೊಂದು ಸಂಗತಿಯನ್ನ 1977ರಲ್ಲಿ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಬರೆದರು. ಕೆನಡಿ ಹತ್ಯೆಯ ಸುದ್ದಿ ಕೇಳಿದಾಗ ತಾವು ಎಲ್ಲಿದ್ವಿ, ಏನು ಮಾಡ್ತಿದ್ವಿ ಅನ್ನೋದನ್ನ ಅಮೆರಿಕದ ಜನ ಫೋಟೊ ಥರ ಹೇಳ್ತಿದ್ರು. ಅದಕ್ಕೆ ಅವರು ‘ಫ್ಲ್ಯಾಷ್‌ಬಲ್ಬ್’ ನೆನಪು ಅಂದರು. ನೀವೂ ಟೆಸ್ಟ್ ಮಾಡಿ ನೋಡಿ. ಆ ಅಕ್ಟೋಬರ್ 29ಕ್ಕೆ ಎಲ್ಲಿದ್ರಿ? ಹೇಳ್ತೀರಿ. ಅಕ್ಟೋಬರ್ 28ಕ್ಕೆ? ನನಗಂತೂ ಗೊತ್ತಿಲ್ಲ.

ಇಲ್ಲಿ ನನಗೆ ನನ್ನ ಊರು ಅರ್ಥವಾಗೋಕೆ ಶುರುವಾಯ್ತು. ಒಬ್ಬ ದೊಡ್ಡ ನಟ ಸತ್ತರೆ ದಿನಾಂಕ ಇರತ್ತೆ. ದರ್ಶನಕ್ಕೆ ಇಡ್ತಾರೆ. ಕಂಠೀರವ ಸ್ಟೇಡಿಯಂಗೆ ಲಕ್ಷಗಟ್ಟಲೆ ಜನ ಬಂದರು, ಅಕ್ಟೋಬರ್ 31ರ ಭಾನುವಾರ ಬೆಳಗಿನ ಜಾವ ಅಪ್ಪ-ಅಮ್ಮನ ಸಮಾಧಿ ಪಕ್ಕದಲ್ಲೇ ಕಂಠೀರವ ಸ್ಟುಡಿಯೋದಲ್ಲಿ ಮಣ್ಣು ಮಾಡಿದರು. ಅತ್ತೋರಿಗೆ ಅಳೋಕೆ ಒಂದು ಜಾಗ, ಒಂದು ದಿನ, ಜೊತೆಗೆ ನಾಲ್ಕು ಜನ ಸಿಕ್ಕಿದರು. ನಮ್ಮ ಬಾಳಲ್ಲಿ ಕಳೆದುಹೋಗೋ ಉಳಿದವಕ್ಕೆ ಇದ್ಯಾವುದೂ ಇಲ್ಲ. ಬಾಲ್ಯ ಯಾವ ದಿನ ಮುಗೀತು? ಅಪ್ಪ ಯಾವ ದಿನ ಮುದುಕರಾದರು? ಒಂದು ಊರು ಊರಾಗಿರೋದು ಯಾವ ದಿನ ನಿಂತಿತು? ಗಣಿ ಮುಚ್ಚಿದ್ದಕ್ಕೆ ದಿನಾಂಕ ಇದೆ ನಿಜ. ಆದರೆ ಅವತ್ತು ಟಿವಿಯಲ್ಲಿ ಲೈವ್ ನೋಡುತ್ತಾ ಇಡೀ ರಾಜ್ಯ ಅಳಲಿಲ್ಲ. ಸುತ್ತಮುತ್ತಲ ಲೈನ್ ಮನೆಗಳಲ್ಲಿ ಒಬ್ಬೊಬ್ಬರೂ ಅವರವರ ಮನೆ ಬಾಗಿಲು ಹಾಕಿಕೊಂಡು ಅತ್ತಿರಬೇಕು. ಇಂಥ ಎಷ್ಟೋ ಬಾಕಿ ಅಳು ಒಳಗೆ ಉಳಿದಿರತ್ತೆ. ಎಲ್ಲರೂ ಅಳುವ ದಿನ ಬಂದಾಗ ಅದೂ ಜೊತೆಗೆ ಹೊರಗೆ ಬರತ್ತೆ.

ಪಂಪ್ ನಿಂತ ಮೇಲೆ ನಮ್ಮ ಗಣಿಗಳಲ್ಲಿ ನೀರು ತುಂಬಿಕೊಂಡಿದ್ದೂ ಹೀಗೇ. ಮೇಲಿಂದ ನೋಡೋರಿಗೆ ಏನೂ ಕಾಣಲ್ಲ.

ನಮ್ಮ ಕಡೆ ಇದು ಬರೀ ಕನ್ನಡದ ಕಥೆಯೂ ಅಲ್ಲ. ಕೆಜಿಎಫ್‌ನಲ್ಲಿ ತಮಿಳು, ಬಂಗಾರಪೇಟೆ ಸುತ್ತಮುತ್ತ ತೆಲುಗು, ಕನ್ನಡ, ಉರ್ದು ಎಲ್ಲ ಒಂದೇ ಬೀದಿಯಲ್ಲಿ. ಅಣ್ಣಾ ಡಿಎಂಕೆಯವರು ಇಲ್ಲಿ ಶಾಸಕರಾಗಿದ್ದೂ ಉಂಟು. ಪಕ್ಕದ ಮನೆ ತಾತನಿಗೆ ಮರೆಯಲಾಗದ ದಿನ 1987ರ ಡಿಸೆಂಬರ್ 24, ಎಂಜಿಆರ್ ತೀರಿಕೊಂಡಿದ್ದು. ನಮ್ಮಪ್ಪನಿಗೆ 2006ರ ಏಪ್ರಿಲ್ 12, ಅಣ್ಣಾವ್ರು. ಹೀಗೆ ಮನೆಮನೆಗೂ ಬೇರೆ ಕ್ಯಾಲೆಂಡರು. ಎಲ್ಲರ ಕ್ಯಾಲೆಂಡರಲ್ಲೂ ಒಂದೇ ದಿನ ಗುರುತಾಗಿದ್ದು 2020ರ ಸೆಪ್ಟೆಂಬರ್ 25ಕ್ಕೆ, ಎಸ್‌ಪಿಬಿ ಹೋದಾಗ. ತಾತನಿಗೆ ಅವರು ‘ಅಡಿಮೈ ಪೆಣ್’ನಲ್ಲಿ ಎಂಜಿಆರ್‌ಗೆ ಹಾಡಿದವರು. ಎದುರು ಮನೆಯ ತೆಲುಗು ಅಜ್ಜಿಗೆ ‘ಪಾಡುತಾ ತೀಯಗಾ’ ನಡೆಸಿಕೊಟ್ಟವರು. ಅಮ್ಮನಿಗೆ ವಿಷ್ಣುವರ್ಧನ್ ದನಿ, ‘ಎದೆ ತುಂಬಿ ಹಾಡುವೆನು’. ಕೋವಿಡ್ ಕಾಲ, ಯಾರೂ ಯಾರ ಮನೆಗೂ ಹೋಗೋ ಹಾಗಿಲ್ಲ. ಸಂಜೆ ಮೂರೂ ಮನೆಯಿಂದ ಮೂರು ಭಾಷೆಯ ಹಾಡು, ಗಂಟಲು ಮಾತ್ರ ಒಂದೇ. ಅವತ್ತು ತಾತ ಕಾಂಪೌಂಡ್ ಆಚೆಯಿಂದಲೇ ಅಪ್ಪನಿಗೆ, ‘ಮೈನ್ಸ್ ಇದ್ದಿದ್ರೆ ಇವತ್ತು ಶಿಫ್ಟೇ ನಡೀತಿರ್ಲಿಲ್ಲ ಅಲ್ವೇನಪ್ಪ’ ಅಂದರು. ನೋಡಿ, ಹಾಡುಗಾರನ ಸಾವಿನಿಂದ ಶುರುವಾದ ಮಾತು ಎಲ್ಲಿಗೆ ಹೋಗಿ ನಿಂತಿತು.

ಇಷ್ಟು ಹೇಳಿ ನಿಲ್ಲಿಸಿದ್ರೆ ಚೆನ್ನಾಗಿರತ್ತೆ. ಆದರೆ ಇದರಲ್ಲಿ ಒಂದು ಮೋಸವೂ ಇದೆ.

‘ನಾಸ್ಟಾಲ್ಜಿಯಾ’ ಅನ್ನೋ ಪದ ಹುಟ್ಟಿದ್ದೇ ಕಾಯಿಲೆಯ ಹೆಸರಾಗಿ. 1688ರಲ್ಲಿ ಯೊಹಾನೆಸ್ ಹೋಫರ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ, ಮನೆಯಿಂದ ದೂರ ಇರೋರನ್ನ ಕಾಡುವ ಊರಿನ ಹಂಬಲಕ್ಕೆ ಅದನ್ನ ಬಳಸಿದ. ಈಗ ಅದು ಕಾಯಿಲೆ ಅಲ್ಲ ಅಂತಾರೆ. ಆದರೂ ಅದಕ್ಕೆ ಒಂದು ಕೆಟ್ಟ ಅಭ್ಯಾಸ ಇದೆ, ಬೇಡದ್ದನ್ನ ಕ್ರಾಪ್ ಮಾಡಿಬಿಡತ್ತೆ. ಕೆಜಿಎಫ್ ಅಂದ್ರೆ ಕ್ಲಬ್ಬು, ಬ್ಯಾಂಡು, ಕ್ರಿಸ್‌ಮಸ್ ಕೇಕು ಅಂತ ನೆನೆಸಿಕೊಳ್ಳೋರು ಸಿಲಿಕೋಸಿಸ್ ಕೆಮ್ಮನ್ನ ಸ್ಟೇಟಸ್‌ಗೆ ಹಾಕಲ್ಲ. ಬಂಡೆ ಸಿಡಿದು ಸತ್ತವರನ್ನ ಹಾಕಲ್ಲ. ಈಗಲೂ ಗಾಳಿ ಬಂದಾಗ ಸೈನೈಡ್ ಗುಡ್ಡದ ಧೂಳು ಮನೆಯೊಳಗೆ ಬರೋದನ್ನೂ ಹಾಕಲ್ಲ. 2006ರಲ್ಲಿ ಅಣ್ಣಾವ್ರು ಹೋದಾಗ ಬೆಂಗಳೂರಲ್ಲಿ ಗಲಭೆಯಾಗಿ ಪ್ರಾಣ ಹೋದವು. ಅದನ್ನೂ ನಾವು ಈಗ ನೆನೆಸಿಕೊಳ್ಳೋದು ಕಮ್ಮಿ.

ನನ್ನ ಮೋಸ ಇನ್ನೂ ಹತ್ತಿರದ್ದು. ಆ ಮೂರು ದಿನ ನಾನು ಹನ್ನೊಂದು ಸ್ಟೇಟಸ್ ಹಾಕಿದ್ದೆ. ಒಂದು ರೀಲ್ ನೋಡಿದ್ರೆ ಫೋನು ಇನ್ನೂ ಹತ್ತು ತಂದು ಕೊಡ್ತಿತ್ತು. ಅಪ್ಪನ ನಗುವನ್ನ ನೆನೆಸಿಕೊಂಡು ಅತ್ತವನು ನಾನು. ಅದೇ ಅಪ್ಪ ಅದೇ ಮನೆಯ ಅದೇ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನನ್ನಿಂದ ಆರಡಿ ದೂರ ಕೂತಿದ್ದರು. ಒಂದು ಮಾತು ಕೇಳಲಿಲ್ಲ. ಸತ್ತವರಿಗಾಗಿ ಅಳೋದು ಸುಲಭ, ಅವರು ವಾಪಸ್ ಏನೂ ಕೇಳಲ್ಲ.

ಮೊದಲು ಮಾತಾಡಿದ್ದು ಅಪ್ಪನೇ. ಪುನೀತ್ ಅವರ ಕಣ್ಣು ದಾನ ಮಾಡಿ, ಮಾರನೇ ದಿನವೇ ನಾಲ್ಕು ಜನರಿಗೆ ದೃಷ್ಟಿ ಬಂತು ಅಂತ ಟಿವಿಯಲ್ಲಿ ಹೇಳ್ತಿದ್ರು. ಎರಡು ಕಣ್ಣು, ನಾಲ್ಕು ಜನಕ್ಕೆ ಹೇಗೆ ಅಂತ ಅಪ್ಪ ಕೇಳಿದರು. ಕಾರ್ನಿಯಾದ ಮುಂದಿನ ಪದರ, ಹಿಂದಿನ ಪದರ ಬೇರೆ ಮಾಡಿ, ಯಾರಿಗೆ ಯಾವುದು ಬೇಕೋ ಅದನ್ನ ಕಸಿ ಮಾಡ್ತಾರೆ ಅಂತ ಗೂಗಲ್ ಮಾಡಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಒಂದು ವಾರದ ಮೇಲೆ ಬಂದು, ‘ಆ ಫಾರಂ ನನ್ನ ಹೆಸರಲ್ಲೂ ತುಂಬು. ಮಂಡಿ ಯಾರಿಗೂ ಬೇಡ. ಕಣ್ಣು ಚೆನ್ನಾಗಿದೆ. ಎಷ್ಟು ಸಾವಿರ ಜನಾನ ಇಳಿಸಿ ಹತ್ತಿಸಿರೋ ಕಣ್ಣು’ ಅಂದರು.

ಅವರ ಕೆಲಸದ ಬಗ್ಗೆ ಅಪ್ಪ ನನ್ನ ಮುಂದೆ ಹೆಮ್ಮೆಯಿಂದ ಒಂದು ವಾಕ್ಯ ಹೇಳಿದ್ದು ಅದೇ ಮೊದಲು. ಇಪ್ಪತ್ತು ವರ್ಷ ಬೇಕಾಯ್ತು.

ಆ ತಿಂಗಳುಗಳಲ್ಲಿ ರಾಜ್ಯದಲ್ಲಿ ಎಷ್ಟೋ ಜನ ಹೀಗೆ ನೇತ್ರದಾನಕ್ಕೆ ಹೆಸರು ಕೊಟ್ಟರು. ಅಣ್ಣಾವ್ರು 2006ರಲ್ಲೇ ಆ ದಾರಿ ತೋರಿಸಿದ್ದರು. ಹೆಸರು ಕೊಟ್ಟಿರೋರಿಗೆ ಒಂದು ಮಾತು: ಫಾರಂ ತುಂಬಿದ್ರೆ ಸಾಲದು, ಮನೆಯವರಿಗೆ ಹೇಳಿಡಿ. ಆ ಹೊತ್ತಲ್ಲಿ ಐ ಬ್ಯಾಂಕಿಗೆ ಫೋನ್ ಮಾಡಿ ಒಪ್ಪಿಗೆ ಕೊಡಬೇಕಾದೋರು ಅವರೇ, ಅದೂ ಸುಮಾರು ಆರು ಗಂಟೆಯೊಳಗೆ. ಕನ್ನಡಕ, ಬಿಪಿ, ಶುಗರ್, ವಯಸ್ಸು ಯಾವುದೂ ಅಡ್ಡಿಯಲ್ಲ.

2025ರ ಮಾರ್ಚ್ 14ಕ್ಕೆ ‘ಅಪ್ಪು’ ಮತ್ತೆ ರಿಲೀಸ್ ಆಯ್ತು, ಅವರ ಐವತ್ತನೇ ಹುಟ್ಟುಹಬ್ಬಕ್ಕೆ. ಅಪ್ಪನನ್ನ ಬೆಂಗಳೂರಿಗೆ ಕರೆಸಿಕೊಂಡೆ. ಥಿಯೇಟರ್ ತುಂಬ 2002ರಲ್ಲಿ ಇನ್ನೂ ಹುಟ್ಟಿರದ ಹುಡುಗರು, ಕಾಗದದ ಚೂರು ಎರಚಿ ಕುಣೀತಿದ್ರು. ತಾವು ನೋಡೇ ಇರದ ಕಾಲಕ್ಕೆ ಅವರಿಗೂ ನಾಸ್ಟಾಲ್ಜಿಯಾ. ನಾನು ಪರದೆ ಬಿಟ್ಟು ಅಪ್ಪನ ಮುಖವನ್ನೇ ನೋಡ್ತಿದ್ದೆ, ಆ ನಗು ಬರತ್ತಾ ಅಂತ. ಇಂಟರ್‌ವಲ್ ಆದ ಮೇಲೆ ಅಪ್ಪ ನಿದ್ದೆ ಹೋದರು.

ಬೇಜಾರಾಯ್ತು, ಸುಳ್ಳು ಹೇಳಲ್ಲ. ಸಂಜೆ ಟ್ರೇನಲ್ಲಿ ನಾನೂ ಜೊತೆಗೇ ಹೊರಟೆ. ವೈಟ್‌ಫೀಲ್ಡ್ ದಾಟಿ ಸ್ವಲ್ಪ ಜಾಗ ಸಿಕ್ಕಿತು. ಮಾಲೂರು ಬಂದಾಗ ಕೇಳಿದೆ, ‘ಅಪ್ಪಾ, ಗಣಿ ಮುಚ್ಚಿದ ದಿನ ಏನು ಮಾಡಿದ್ರಿ?’

ಕಿಟಕಿ ಆಚೆ ನೋಡ್ತಾ ಹೇಳಿದರು, ‘ಏನ್ಮಾಡದು. ಮಷೀನ್ ಒರೆಸ್ದೆ, ಎಣ್ಣೆ ಹಾಕ್ದೆ, ಬಂದೆ.’

‘ಮಾರನೇ ದಿನ ಓಡಿಸೋರೇ ಇರಲಿಲ್ಲವಲ್ಲ?’

‘ಗೊತ್ತಿತ್ತು. ಆದ್ರೂ ಗಲೀಜಾಗಿ ಬಿಟ್ಟು ಬರಕ್ಕಾಗತ್ತಾ?’

ಟೇಕಲ್ ಬರೋವರೆಗೂ ಹೇಳ್ತಾನೇ ಇದ್ದರು. ಗಂಟೆ ಎಷ್ಟು ಸಲ ಹೊಡೆದರೆ ಏನು ಅರ್ಥ, ಜನ ಇದ್ದಾಗ ಎಷ್ಟು ನಿಧಾನ, ಅದಿರು ಇದ್ದಾಗ ಎಷ್ಟು ಜೋರು, ರಾತ್ರಿ ಶಿಫ್ಟಲ್ಲಿ ನಿದ್ದೆ ಬರದ ಹಾಗೆ ಯಾರು ಯಾವ ಹಾಡು ಹೇಳ್ತಿದ್ರು. ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮೂವತ್ತೊಂದು ನಿಮಿಷ, ಹಿಂದೆ ಪೂರ್ತಿ ರೈಲಿನ ಸದ್ದು, ಕಡಲೆಕಾಯಿ ಮಾರೋನ ಕೂಗು. ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿಂದ್ವಿ. ‘ಅವತ್ತು ಸಿನಿಮಾ ಬಿಟ್ಟಮೇಲೆ ಕೊಡಿಸಿದ್ರಲ್ಲ, ನೆನಪಿದ್ಯಾ?’ ಅಂದೆ. ಅಪ್ಪನಿಗೆ ನೆನಪೇ ಇರಲಿಲ್ಲ. ‘ಅಷ್ಟು ನಕ್ಕಿದ್ನಾ ನಾನು?’ ಅಂತ ಕೇಳಿ, ನಂಬಲಾರದೆ ನಕ್ಕರು.

ನಾಳೆ ಇನ್ಯಾರೋ ಹೋಗ್ತಾರೆ. ನಿಮ್ಮ ಬಾಲ್ಯದ ಗಾಯಕಿ, ನಿಮ್ಮ ಅಮ್ಮನ ಹೀರೊ, ನೀವು ಪೋಸ್ಟರ್ ಅಂಟಿಸಿಕೊಂಡಿದ್ದ ಆಟಗಾರ. ಸ್ಟೇಟಸ್ ಹಾಕಿ, ಹಳೇ ಹಾಡು ಕೇಳಿ, ಅಳು ಬಂದ್ರೆ ಅಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆಮೇಲೆ ಒಂದು ಸಲ ಯೋಚನೆ ಮಾಡಿ, ಅವರ ಹತ್ತಿರ ನೀವು ಇಟ್ಟಿದ್ದದ್ದು ಏನು, ಅದು ಯಾರದ್ದು ಅಂತ. ಅದರ ವಾರಸುದಾರರು ಇನ್ನೂ ಬದುಕಿದ್ರೆ ಅವತ್ತೇ ಒಂದು ಫೋನ್ ಮಾಡಿ. ನಮ್ಮಪ್ಪನ ಹಾಗೆ ‘ಏನ್ಮಾಡದು’ ಅಂತಲೇ ಶುರು ಮಾಡ್ತಾರೆ. ಕಟ್ ಮಾಡಬೇಡಿ.